'ಡು ಯು ನೋ ವೇರ್ ಈಸ್ ದ ಬ್ಯಾಂಕ್?' ಅಂದರೆ ನಿಜಕ್ಕೂ ತಪ್ಪಾ?

"ಭಾರತೀಯರು ಇಂಗ್ಲಿಷ್‌ನಲ್ಲಿ ಮಾಡುವ ತಪ್ಪುಗಳು" ಎಂಬ ಪಟ್ಟಿ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಒಮ್ಮೆಯಾದರೂ ಬಂದಿರುತ್ತದೆ. ಅಂಥ ಪಟ್ಟಿಗಳಲ್ಲಿ 'ಡು ಯು ನೋ ವೇರ್ ಈಸ್ ದ ಬ್ಯಾಂಕ್?' ಎಂಬ ಥರದ ವಾಕ್ಯಕ್ಕೆ ಕೆಂಪು ಇಂಟು ಮಾರ್ಕ್ ಬಿದ್ದಿರುತ್ತದೆ. 'ವೇರ್ ದ ಬ್ಯಾಂಕ್ ಈಸ್' ಅನ್ನಬೇಕು ಎಂಬ ಸೂಚನೆ ಇರುತ್ತದೆ. ಕೆಲವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೀಗೆ ಮಾತಾಡುವವರಿಗೆ ಇಂಗ್ಲಿಷೇ ಬರುವುದಿಲ್ಲ ಎಂದು ತೀರ್ಪು ಕೊಡುತ್ತವೆ. ಇದರಲ್ಲಿ ವಾಕ್ಯದ ಬಗ್ಗೆ ಹೇಳಿದ್ದು ಬಹುಮಟ್ಟಿಗೆ ಸರಿ. ಜನರ ಬಗ್ಗೆ ಹೇಳಿದ್ದು ತಪ್ಪು.

ಮೊದಲು ವಾಕ್ಯವನ್ನೇ ನೋಡೋಣ. 'ದ ಬ್ಯಾಂಕ್ ಈಸ್ ಹಿಯರ್' ಎನ್ನುವುದು ಹೇಳಿಕೆ. ಪ್ರಶ್ನೆ ಕೇಳುವಾಗ 'ಈಸ್' ಮುಂದಕ್ಕೆ ಜಿಗಿಯುತ್ತದೆ: 'ವೇರ್ ಈಸ್ ದ ಬ್ಯಾಂಕ್?' ಹೀಗೆ ಸ್ಥಾನ ಬದಲಿಸುವುದು "ನಾನು ನಿನ್ನನ್ನು ಕೇಳುತ್ತಿದ್ದೇನೆ" ಎಂದು ಎದುರಿನವರಿಗೆ ಕೊಡುವ ಸಿಗ್ನಲ್. ಆದರೆ ಅದೇ ಪ್ರಶ್ನೆಯನ್ನು ಇನ್ನೊಂದು ವಾಕ್ಯದ ಹೊಟ್ಟೆಯೊಳಗೆ ಇಟ್ಟಾಗ, ಸಿಗ್ನಲ್ ಕೊಡುವ ಕೆಲಸ ಹೊರಗಿನ ವಾಕ್ಯದ್ದು. 'ಡು ಯು ನೋ' ಎನ್ನುವಲ್ಲೇ ಕೇಳುವ ಕೆಲಸ ಮುಗಿದಿದೆ. ಒಳಗಿನ ತುಂಡು ಹೇಳಿಕೆಯ ಕ್ರಮಕ್ಕೆ ಮರಳುತ್ತದೆ: 'ವೇರ್ ದ ಬ್ಯಾಂಕ್ ಈಸ್'. 'ಐ ಡೋಂಟ್ ನೋ' ಎಂದು ಶುರುಮಾಡಿದರಂತೂ ಅಲ್ಲಿ ಯಾರೂ ಏನನ್ನೂ ಕೇಳುತ್ತಲೇ ಇಲ್ಲ. ಹಾಗಾಗಿ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯೂ ಬೇಡ.

ಹೆಚ್ಚು ಜನ ಎಡವುವುದು 'ಡು, ಡಸ್, ಡಿಡ್' ಇರುವ ಕಡೆ. 'ವೇರ್ ಡಸ್ ಹಿ ವರ್ಕ್?' ಎಂಬುದು ಒಳಗೆ ಹೋದಾಗ 'ಡಸ್' ಪೂರ್ತಿ ಮಾಯವಾಗುತ್ತದೆ, ಅದು ಹೊತ್ತಿದ್ದ 'ಸ್' ಕ್ರಿಯಾಪದಕ್ಕೆ ವಾಪಸ್ ಬರುತ್ತದೆ: 'ಡು ಯು ನೋ ವೇರ್ ಹಿ ವರ್ಕ್ಸ್?' ಹಾಗೆಯೇ 'ವೆನ್ ಡಿಡ್ ಶಿ ಲೀವ್?' ಹೋಗಿ 'ವೆನ್ ಶಿ ಲೆಫ್ಟ್' ಆಗುತ್ತದೆ. ಹೌದು-ಇಲ್ಲ ಉತ್ತರದ ಪ್ರಶ್ನೆಯಾದರೆ 'ಇಫ್' ಅಥವಾ 'ವೆದರ್' ಸೇರುತ್ತದೆ: 'ಹ್ಯಾಸ್ ದ ಬಸ್ ಲೆಫ್ಟ್?' ಎಂಬುದು 'ಐ ಡೋಂಟ್ ನೋ ಇಫ್ ದ ಬಸ್ ಹ್ಯಾಸ್ ಲೆಫ್ಟ್' ಆಗುತ್ತದೆ.

ನಮಗೇಕೆ ಇದು ಕಷ್ಟ? ಕನ್ನಡದಲ್ಲಿ ಈ ಜಿಗಿತವೇ ಇಲ್ಲ. "ಬ್ಯಾಂಕ್ ಎಲ್ಲಿದೆ?" ಎಂದು ಕೇಳುತ್ತೇವೆ. "ಬ್ಯಾಂಕ್ ಎಲ್ಲಿದೆ ಅಂತ ಗೊತ್ತಾ?" ಎಂದೂ ಕೇಳುತ್ತೇವೆ. ಪ್ರಶ್ನೆಯನ್ನು ಅಲುಗಾಡಿಸದೆ ಎತ್ತಿ ಒಳಗಿಟ್ಟು, 'ಅಂತ' ಸೇರಿಸಿದರೆ ಮುಗಿಯಿತು. 'ಬಸ್ ಹೊರಟಿದೆಯಾ' ಎಂಬುದು 'ಹೊರಟಿದೆಯೋ ಇಲ್ಲವೋ' ಆಗುವಾಗಲೂ ಪದಗಳು ಜಾಗ ಬಿಟ್ಟು ಕದಲುವುದಿಲ್ಲ, ಬದಲಾಗುವುದು ಕೊನೆಯ ಸ್ವರ. ಹಾಗಾಗಿ ಶಾಲೆಯಲ್ಲಿ ಕಷ್ಟಪಟ್ಟು ಕಲಿತ 'ವೇರ್ ಈಸ್' ಜೋಡಿಯನ್ನು ನಾವು ಇಡಿಯಾಗಿ ಎತ್ತಿಡುವುದು ಸಹಜವೇ. ಇದರ ಕನ್ನಡಿ ಪ್ರತಿಬಿಂಬದಂಥ ಇನ್ನೊಂದು ರೂಪವೂ ನಮ್ಮಲ್ಲಿದೆ: 'ವೆನ್ ಯು ಆರ್ ಕಮಿಂಗ್?' ಜಿಗಿಯಬೇಕಾದ ಕಡೆ ಜಿಗಿಯದೇ ಇರುವುದು.

ಹಾಗಾದರೆ ಇದು ನಮ್ಮವರದೇ ದೋಷವಾ? ಅಲ್ಲ. ಐರ್ಲೆಂಡ್‌ನಲ್ಲಿ ಇಂಗ್ಲಿಷನ್ನೇ ಮಾತೃಭಾಷೆಯಾಗಿ ಆಡುವವರು 'ಹಿ ಆಸ್ಕ್ಡ್ ಮಿ ವಾಸ್ ಐ ಹಂಗ್ರಿ' ಎನ್ನುವುದುಂಟು. ಅಮೆರಿಕದ ಕಪ್ಪು ಜನರ ಇಂಗ್ಲಿಷ್‌ನಲ್ಲೂ ಈ ಕ್ರಮ ಬೇರೂರಿದೆ. ಭಾರತೀಯ ಇಂಗ್ಲಿಷ್‌ನಲ್ಲೂ ಭಾಷಾ ವಿಜ್ಞಾನಿಗಳು ಇದನ್ನು ಗುರುತಿಸಿ ಚರ್ಚಿಸಿದ್ದಾರೆ. ಅಷ್ಟೇಕೆ, ಇಂದಿನ 'ಡು' ನಿಯಮವೂ ಅನಾದಿಯಿಂದ ಬಂದದ್ದಲ್ಲ. ಹಳೆಯ ಇಂಗ್ಲಿಷ್‌ನಲ್ಲಿ ಮುಖ್ಯ ಕ್ರಿಯಾಪದವೇ ಮುಂದಕ್ಕೆ ಹೋಗುತ್ತಿತ್ತು. ಶೇಕ್ಸ್‌ಪಿಯರ್ ನಾಟಕಗಳಲ್ಲಿ 'ಡು' ಇರುವ, ಇಲ್ಲದ ಎರಡೂ ಬಗೆಯ ಪ್ರಶ್ನೆಗಳು ಸಿಗುತ್ತವೆ.

ಇದರರ್ಥ ನಿಯಮವನ್ನು ಗಾಳಿಗೆ ತೂರಬಹುದು ಎಂದಲ್ಲ. ದಾರಿ ಕೇಳುವಾಗ ಯಾವ ಕ್ರಮದಲ್ಲಿ ಕೇಳಿದರೂ ಬ್ಯಾಂಕ್ ಸಿಗುತ್ತದೆ. ಆದರೆ ಇಂಗ್ಲಿಷ್ ಪರೀಕ್ಷೆಯಲ್ಲಿ, ಕೆಲಸದ ಅರ್ಜಿಯಲ್ಲಿ, ಕಚೇರಿ ಇಮೇಲ್‌ನಲ್ಲಿ ಇದನ್ನು ತಪ್ಪೆಂದೇ ಎಣಿಸುತ್ತಾರೆ. ತಮಾಷೆಯೆಂದರೆ, ಪರೋಕ್ಷ ಪ್ರಶ್ನೆಯನ್ನು ನಾವು ಹೆಚ್ಚಾಗಿ ಬಳಸುವುದೇ ವಿನಯ ತೋರಿಸಬೇಕಾದಾಗ. ಮ್ಯಾನೇಜರ್‌ಗೆ 'ವೆನ್ ಈಸ್ ದ ಮೀಟಿಂಗ್?' ಎಂದು ಬಿರುಸಾಗಿ ಕೇಳುವ ಬದಲು 'ಕುಡ್ ಯು ಟೆಲ್ ಮಿ ವೆನ್ ದ ಮೀಟಿಂಗ್ ಈಸ್?' ಎನ್ನುತ್ತೇವೆ.

ಫಾರ್ವರ್ಡ್‌ಗಳು ನಿಜಕ್ಕೂ ದಾರಿ ತಪ್ಪಿಸುವುದು "ಯಾವಾಗಲೂ ಕ್ರಿಯಾಪದವನ್ನು ಕೊನೆಗೆ ಹಾಕಿ" ಎಂದು ಹೇಳಿದಾಗ. ಅದನ್ನು ನಂಬಿದವರು 'ಟೆಲ್ ಮಿ ವಾಟ್ ರಾಂಗ್ ಈಸ್' ಎಂದು ಬರೆದುಬಿಡಬಹುದು! ಸರಿಯಾದದ್ದು 'ಟೆಲ್ ಮಿ ವಾಟ್ ಈಸ್ ರಾಂಗ್'. ಇದಕ್ಕೊಂದು ಸುಲಭ ಪರೀಕ್ಷೆಯಿದೆ: ಉತ್ತರವನ್ನು ಪೂರ್ತಿ ವಾಕ್ಯವಾಗಿ ಹೇಳಿಕೊಳ್ಳಿ. 'ಸಮ್‌ಥಿಂಗ್ ಈಸ್ ರಾಂಗ್' ಎಂಬಲ್ಲಿ 'ಸಮ್‌ಥಿಂಗ್' ಜಾಗಕ್ಕೆ 'ವಾಟ್' ಬಂತು, ಅಷ್ಟೇ. ಇಲ್ಲಿ 'ವಾಟ್' ಎಂಬುದೇ ಕರ್ತೃ, ಆದ್ದರಿಂದ ಕ್ರಮ ಬದಲಾಗುವುದಿಲ್ಲ. 'ಸಮ್‌ಒನ್ ಕೇಮ್' ಇದ್ದದ್ದು 'ಐ ನೋ ಹೂ ಕೇಮ್' ಆಗುತ್ತದೆ. 'ದ ಬ್ಯಾಂಕ್ ಈಸ್ ನಿಯರ್ ದ ಸರ್ಕಲ್' ಎಂಬ ಉತ್ತರದಲ್ಲಿ ಬ್ಯಾಂಕ್ ಮೊದಲು, 'ಈಸ್' ಆಮೇಲೆ. ಒಳಗಿನ ಪ್ರಶ್ನೆಯಲ್ಲೂ ಅದೇ ಕ್ರಮ.

ಇನ್ನೊಂದು ಸಣ್ಣ ವಿಷಯ: ಕೊನೆಗೆ ಬಂದ 'ಈಸ್' ಅನ್ನು ಕುಗ್ಗಿಸುವಂತಿಲ್ಲ. 'ಹೀಸ್ ಅಟ್ ಹೋಮ್' ಎನ್ನಬಹುದು, ಆದರೆ 'ಐ ನೋ ವೇರ್ ಹೀಸ್' ಎಂದು ಇಂಗ್ಲಿಷ್ ಮಾತೃಭಾಷೆಯವರೂ ಹೇಳುವುದಿಲ್ಲ. 'ಹಿ ಈಸ್' ಎಂದು ಬಿಡಿಸಿಯೇ ಹೇಳಬೇಕು.