ಮುಚ್ಚಳ ಕಳೆದುಕೊಂಡ ಡಬ್ಬಗಳು

ಇಂದಿರಾನಗರದ ನಮ್ಮ ಮನೆಯ ಅಡುಗೆಮನೆಯನ್ನು ಈಗಿನ ಮಾದರಿಗೆ ತಿರುಗಿಸಬೇಕೆಂದು ಮಕ್ಕಳು ನಿಶ್ಚಯಿಸಿದ ಮೇಲೆ, ಅಳತೆ ತೆಗೆದುಕೊಳ್ಳುವುದಕ್ಕೆ ಬಂದ ಬಡಗಿಯು ನಾಗಂದಿಗೆಯ ಮೇಲೆ ಸಾಲುಗಟ್ಟಿ ಕುಳಿತಿದ್ದ ಪ್ಲಾಸ್ಟಿಕ್ ಡಬ್ಬಗಳನ್ನು ಒಂದೊಂದಾಗಿ ಕೆಳಗಿಳಿಸಿ, ಕಡೆಯದನ್ನು ಕೈಯಲ್ಲಿ ಹಿಡಿದುಕೊಂಡೇ, “ಇವನ್ನೆಲ್ಲ ಇಟ್ಕೋತೀರಾ ಸಾರ್, ಗುಜರಿಗೆ ಹಾಕ್ಬಿಡ್ಲಾ?” ಎಂದು ಕೇಳಿದನು. ಪ್ರಶ್ನೆ ಸಾಧುವಾದುದೇ. ಅಲ್ಲಿದ್ದುವು ಹದಿಮೂರು ಡಬ್ಬಗಳು. ಅವಕ್ಕೆ ಮುಚ್ಚಳಗಳು ಎಂಟು. ಆ ಎಂಟರಲ್ಲಿಯೂ ಒಂದು ಮತ್ತಾವುದೋ ಡಬ್ಬದಿಂದ ದತ್ತು ಬಂದುದು. ಮಿಕ್ಕ ಐದರಲ್ಲಿ ಎರಡರ ಬಾಯಿಗೆ ಸ್ಟೀಲಿನ ತಟ್ಟೆ, ಎರಡಕ್ಕೆ ತೊಳೆದು ಒಣಗಿಸಿದ ಹಾಲಿನ ಕವರನ್ನು ಹೊದಿಸಿ ಬಿಗಿದ ರಬ್ಬರ್ ಬ್ಯಾಂಡು. ಕಡೆಯದಕ್ಕೆ ಏನೂ ಇರಲಿಲ್ಲ, ಅದರೊಳಗೆ ಇದ್ದುದೂ ರಬ್ಬರ್ ಬ್ಯಾಂಡುಗಳೇ. ಸೊಸೆಯು ಬಿದಿರಿನ ಮುಚ್ಚಳದ ಗಾಜಿನ ಜಾಡಿಗಳನ್ನು ಆಗಲೇ ತರಿಸಿಟ್ಟಿದ್ದಳು. “ಪ್ಲಾಸ್ಟಿಕ್ ಒಳ್ಳೇದಲ್ಲ ಮಾವ,” ಎಂದು ಮೃದುವಾಗಿಯೇ ಹೇಳಿದಳು. ನಾನು, ಇರಲಿ, ಇಟ್ಟುಕೊಳ್ಳೋಣ ಎಂದೆನು. ಮುದುಕರ ಹಟಕ್ಕೆ ಮನೆಯೊಳಗೆ ಕಾರಣ ಕೊಡಬೇಕಾಗಿಲ್ಲ. ಪತ್ರಿಕೆಯಲ್ಲಿ ಬರೆಯುವಾಗ ಕೊಡಬೇಕಾಗುತ್ತದೆ.

ನಾನು ಬೆಳೆದುದು ಹಲಸೂರಿನ ಸೋಮೇಶ್ವರ ದೇವಾಲಯಕ್ಕೆ ಅನತಿದೂರದಲ್ಲಿದ್ದ ಒಂದು ವಠಾರದಲ್ಲಿ. ನಮ್ಮ ತಂದೆಯವರಿಗೆ ಕೃಷ್ಣರಾಜಪುರದ ದಿಕ್ಕಿನ ದೂರವಾಣಿನಗರದಲ್ಲಿ, 1948ರಲ್ಲಿ ಸ್ಥಾಪಿತವಾದ ಐ.ಟಿ.ಐ. ಕಾರ್ಖಾನೆಯಲ್ಲಿ ಕೆಲಸ. ಆ ಕಾರ್ಖಾನೆಯಿಂದ ಹೊರಬರುತ್ತಿದ್ದ ಕರಿಯ ಟೆಲಿಫೋನಿನ ಮೈ ಬೇಕಲೈಟಿನದಾಗಿದ್ದುದರಿಂದ, ನಮ್ಮ ಮನೆಯ ಮಾತುಕತೆಯಲ್ಲಿ ಈ ಕೃತಕ ದ್ರವ್ಯವು ಮೊದಲು ಪ್ರವೇಶಿಸಿದುದು ಅಡುಗೆಯ ಸಾಮಾನಾಗಿ ಅಲ್ಲ, ದೂರದ ಮಾತನ್ನು ಕಿವಿಗೆ ತಂದುಕೊಡುವ ಗಂಭೀರ ವಸ್ತುವಿನ ಅಂಗವಾಗಿ. “ಬಿದ್ದರೆ ಒಡೆಯುತ್ತೆ, ಕಾಯಿಸಿದರೆ ಕರಗೋದಿಲ್ಲ,” ಎಂದು ತಂದೆಯವರು ಅದರ ಲಕ್ಷಣವನ್ನು ಹೇಳುತ್ತಿದ್ದರು. ಮುಂದೆ ಮನೆಗೆ ಬಂದ ಡಬ್ಬಗಳ ಸ್ವಭಾವ ಇದಕ್ಕೆ ನೇರ ವಿರುದ್ಧವಾದುದು: ಬಿದ್ದರೆ ಒಡೆಯುತ್ತಿರಲಿಲ್ಲ, ಒಲೆಯ ಬಳಿ ಇಟ್ಟರೆ ಕರಗುತ್ತಿದ್ದುವು.

ಅದಕ್ಕೆ ಮುಂಚೆ ಅಮ್ಮನ ಅಡುಗೆಮನೆಯಲ್ಲಿ ಉಪ್ಪಿಗೆ ಮರದ ಮರಿಗೆ, ಉಪ್ಪಿನಕಾಯಿಗೆ ಪಿಂಗಾಣಿಯ ಜಾಡಿ, ಅಕ್ಕಿಬೇಳೆಗಳಿಗೆ ತಗಡಿನ ಡಬ್ಬ. 1937ರಿಂದ ಈ ದೇಶದಲ್ಲಿ ಮಾರಾಟಕ್ಕೆ ಬಂದ ಡಾಲ್ಡಾದ ತಗಡಿನ ಡಬ್ಬಕ್ಕಂತೂ ಒಳಗಿನ ವನಸ್ಪತಿ ಮುಗಿದ ಮೇಲೆಯೇ ನಿಜವಾದ ಜೀವನ ಆರಂಭವಾಗುತ್ತಿದ್ದಿತು. ನಮ್ಮ ವಠಾರದ ತುಳಸಿಗಿಡಗಳಲ್ಲಿ ಅರ್ಧಕ್ಕರ್ಧ ಆ ಡಬ್ಬಗಳಲ್ಲಿಯೇ ಪೂಜೆ ಕೊಳ್ಳುತ್ತಿದ್ದುವು. ಆದರೆ ತಗಡಿಗೆ ಮಳೆಗಾಲದಲ್ಲಿ ತುಕ್ಕು. ಜಾಡಿಗೆ ಮಕ್ಕಳ ಭಯ. ಜರ್ಮನಿಯ ಕಾರ್ಲ್ ಝೀಗ್ಲರನು 1953ರಲ್ಲಿ, ಅದುವರೆಗೆ ಸಾವಿರಾರು ಪಟ್ಟು ವಾಯುಭಾರದಲ್ಲಿ ಮಾತ್ರ ಸಿದ್ಧವಾಗುತ್ತಿದ್ದ ಪಾಲಿಥೀನನ್ನು ಸಾಧಾರಣ ಒತ್ತಡದಲ್ಲಿಯೇ, ಇನ್ನಷ್ಟು ಗಟ್ಟಿಯಾಗಿ ತಯಾರಿಸುವ ಬಗೆಯನ್ನು ಕಂಡುಹಿಡಿದನು. ಮರುವರ್ಷ ಇಟಲಿಯ ಜೂಲಿಯೊ ನಟ್ಟಾನು ಅದೇ ಜಾಡಿನಲ್ಲಿ ಪಾಲಿಪ್ರೊಪಿಲೀನನ್ನು ಪಡೆದನು. ಇಬ್ಬರಿಗೂ 1963ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅವರ ಪ್ರಯೋಗಶಾಲೆಯ ಫಲವು ಹಲಸೂರನ್ನು ಸೇರಿದುದು ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸಿನ ತಲೆಯ ಮೇಲಿನ ಬುಟ್ಟಿಯಲ್ಲಿ. ಒಂದು ಮಧ್ಯಾಹ್ನವೆಲ್ಲ ಚೌಕಾಶಿ ನಡೆದು, ತಂದೆಯವರ ಎರಡು ಪ್ಯಾಂಟು ಮತ್ತು ಕರೆ ಹೋದ ಒಂದು ಸೀರೆಗೆ, ಒಂದರೊಳಗೊಂದು ಕೂರುವ ಮೂರು ಹಸಿರು ಡಬ್ಬಗಳು ನಮ್ಮವಾದುವು. ಮೂರಕ್ಕೂ ಬಿಳಿಯ ಮುಚ್ಚಳ. ಪ್ಯಾಂಟುಗಳಲ್ಲಿ ಒಂದು ಇನ್ನೂ ಉಡುವಂತಿದ್ದಿತೆಂದು ತಂದೆಯವರು ಬಹುಕಾಲ ಹೇಳುತ್ತಿದ್ದರು.

ಆ ಮೂರರಲ್ಲಿ ಎರಡು ಇಂದಿಗೂ ಇವೆ. ಡಬ್ಬಗಳ ಈ ದೀರ್ಘಾಯುಷ್ಯವನ್ನು ಕುರಿತು ಯೋಚಿಸಿದಾಗಲೆಲ್ಲ ನನಗೆ ತೋರುವುದೇನೆಂದರೆ, ಡಬ್ಬವು ಸಾಯುವುದು ಯಾವಾಗಲೂ ಬಾಯಿಯ ಕಡೆಯಿಂದ. ಮೈ ಹಳದಿಯಾಗುತ್ತದೆ, ಅರಿಸಿನದ ಕಲೆಯನ್ನು ಹೀರಿಕೊಳ್ಳುತ್ತದೆ, ಆದರೂ ನಿಂತಿರುತ್ತದೆ. (ಆ ಕಲೆಯನ್ನು ಸೋಪಿನಿಂದ ಉಜ್ಜಿ ದಣಿಯಬೇಡಿ, ಎರಡು ದಿನ ಬಿಸಿಲಿಗಿಡಿ, ಅರಿಸಿನದ ಬಣ್ಣ ಬೆಳಕನ್ನು ತಾಳಲಾರದು.) ಮುಚ್ಚಳವಾದರೋ ದಿನಕ್ಕೆ ನಾಲ್ಕು ಸಲ ಬಾಗಿ, ಒತ್ತಿಸಿಕೊಂಡು, ತಿರುಗಿಸಿಕೊಂಡು, ಒಂದು ದಿನ ಅಂಚಿನಲ್ಲಿ ಸೀಳಿಬಿಡುತ್ತದೆ. ಇದನ್ನು ಅರಿತವನು ಅಮೆರಿಕೆಯ ಅರ್ಲ್ ಟಪ್ಪರನು. ಬಣ್ಣದ ಡಬ್ಬದ ಮುಚ್ಚಳವನ್ನು ತಲೆಕೆಳಗು ಮಾಡಿದರೆ ಹೇಗೋ ಹಾಗೆ ತನ್ನ ಡಬ್ಬಗಳಿಗೆ ಗಾಳಿಯಾಡದ ಮುಚ್ಚಳವನ್ನು ರೂಪಿಸಿ, 1946ರಲ್ಲಿ ಪೇಟೆಗೆ ತಂದನು. ಅವನ ಹೆಸರಿನ ಡಬ್ಬಗಳು 1996ರಲ್ಲಿ ಭಾರತಕ್ಕೆ ಬಂದು, ಅಂಗಡಿಯಲ್ಲಿ ಅಲ್ಲದೆ ಮನೆಯ ಹಜಾರದಲ್ಲಿ, ಗೃಹಿಣಿಯಿಂದ ಗೃಹಿಣಿಗೆ ಮಾರಾಟವಾದುವು. ಇಂದಿರಾನಗರದ ಎಷ್ಟೋ ಮಧ್ಯಾಹ್ನದ ಕಾಫಿ ಅದರ ನೆಪದಲ್ಲಿ ಖರ್ಚಾಯಿತು. ನನ್ನ ಹೆಂಡತಿ ಕೊಂಡ ಒಂದು ಡಬ್ಬದ ಬೆಲೆಯನ್ನು ಕೇಳಿ ನಾನು ಎರಡು ದಿನ ಮಾತಾಡಲಿಲ್ಲ. ಆದರೆ ನ್ಯಾಯವಾಗಿ ಹೇಳಬೇಕಾದರೆ, ಬಿರುಕುಬಿಟ್ಟರೆ ಬದಲಿಸಿಕೊಡುವೆವೆಂದು ಜೀವಮಾನದ ವಾಗ್ದಾನ ಕೊಟ್ಟಿದ್ದ ಡಬ್ಬ ಅದೊಂದೇ ನಮ್ಮ ಮನೆಯಲ್ಲಿ. ಆ ಸಂಸ್ಥೆಯೂ 2024ರ ಸೆಪ್ಟೆಂಬರಿನಲ್ಲಿ ದಿವಾಳಿ ಕಾನೂನಿನ ಆಶ್ರಯ ಬೇಡಿ ಅಮೆರಿಕೆಯ ನ್ಯಾಯಾಲಯದ ಮೊರೆಹೊಕ್ಕಿತು. ವಾಗ್ದಾನ ಮಾಡಿದವರಿಗೆ ಒದಗಿದ ಗತಿ ಇದು ಎಂದು ಹೇಳಲು ಮನಸ್ಸಾಗುತ್ತದೆ. ಹೇಳಿದರೆ ವ್ಯಾಪಾರಶಾಸ್ತ್ರಕ್ಕೆ ಅಪಚಾರವಾದೀತು.

ಇನ್ನು ನೆನಪಿನ ಮಾತು. ದಂಡಿನ ಪ್ರದೇಶದ ವಠಾರದಲ್ಲಿ ಡಬ್ಬವು ಒಂದೇ ಮನೆಯಲ್ಲಿ ನಿಲ್ಲುತ್ತಿದ್ದ ವಸ್ತುವಲ್ಲ. ಸಂಕ್ರಾಂತಿಗೆ ನಮ್ಮ ಮನೆಯಿಂದ ಎಳ್ಳುಬೆಲ್ಲ ಹೋಗುತ್ತಿದ್ದಿತು. ಕ್ರಿಸ್ಮಸ್ಸಿಗೆ ಎದುರು ಮನೆಯಿಂದ ಕಲ್‌ಕಲ್ ಬರುತ್ತಿದ್ದುವು. ಕೊನೆಯ ಮನೆಯ ತಮಿಳು ಪಾಟಿಯು ಮುರುಕು ಮಾಡಿದ ದಿನ ನಾವು ಮಕ್ಕಳು ಆ ಕಡೆಯೇ ಆಟವಾಡುತ್ತಿದ್ದೆವು. ಶಿವಾಜಿನಗರದಲ್ಲಿ ದರ್ಜಿ ಅಂಗಡಿ ಇಟ್ಟಿದ್ದವರ ಮನೆಯ ಖಾಲಾ ರಂಜಾನ್ ಹಬ್ಬದಂದು ಹಾಲು ಶಾವಿಗೆಯ ಶೀರ್ ಖುರ್ಮಾವನ್ನು, ನಮ್ಮ ಅಮ್ಮನಿಗೆ ಸಂಕೋಚವಾಗದಿರಲೆಂದು ಹೊಸ ಡಬ್ಬದಲ್ಲಿ ಹಾಕಿ ಕಳುಹಿಸುತ್ತಿದ್ದರು. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ವಿಧಿಯು ಈ ನಾಲ್ಕು ಮನೆಗಳಿಗೂ ಸಮಾನವಾಗಿದ್ದಿತು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಹೀಗೆ ಡಬ್ಬಗಳು ಸದಾ ಸಂಚಾರದಲ್ಲಿರುತ್ತಿದ್ದುದರಿಂದ ಯಾರದು ಯಾವುದೆಂದು ತಿಳಿಯುವ ಉಪಾಯ ಬೇಕಾಯಿತು. ಸ್ಟೀಲಿನ ಪಾತ್ರೆಗಾದರೆ ಅಂಗಡಿಯವನೇ ಹೆಸರು ಕೆತ್ತಿಕೊಡುತ್ತಿದ್ದನು. ಪ್ಲಾಸ್ಟಿಕ್ಕಿಗೆ ಕಾಯಿಸಿದ ದಬ್ಬಳದಿಂದ ತಳದಲ್ಲಿ ಅಕ್ಷರ ಸುಡುವ ಕೆಲಸ ಮನೆಯ ಮಕ್ಕಳಿಗೆ ಬಿದ್ದಿತು. ಆ ವಾಸನೆ ಈಗಲೂ ನೆನಪಿದೆ. ಅದು ಆರೋಗ್ಯಕರವಾಗಿರಲಿಲ್ಲವೆಂಬುದರಲ್ಲಿ ಸಂಶಯವಿಲ್ಲ.

ಈ ನೆನಪುಗಳ ಬಲದಿಂದ ಪ್ಲಾಸ್ಟಿಕ್ಕಿನ ಪಕ್ಷವಹಿಸಿ ವಾದಿಸುವುದು ನನ್ನ ಉದ್ದೇಶವಲ್ಲ. ಹಿಂದಿನ ಕಾಲದ ಕಡುಗೆಂಪು, ಕಿತ್ತಳೆ, ಹಳದಿ ಪ್ಲಾಸ್ಟಿಕ್ಕುಗಳಿಗೆ ಕ್ಯಾಡ್ಮಿಯಂ ಲೋಹದ ವರ್ಣದ್ರವ್ಯಗಳನ್ನು ಬೆರೆಸುತ್ತಿದ್ದುದುಂಟು. ತಳದ ತ್ರಿಕೋನದಲ್ಲಿ 1ರಿಂದ 7ರವರೆಗಿನ ಅಂಕಿಯನ್ನು ಅಚ್ಚೊತ್ತಿ, ಇದು ಯಾವ ಜಾತಿಯ ಪ್ಲಾಸ್ಟಿಕ್ಕೆಂದು ಸೂಚಿಸುವ ಪದ್ಧತಿ ಅಮೆರಿಕೆಯಲ್ಲಿ ಹುಟ್ಟಿದುದೇ 1988ರಲ್ಲಿ. ನಮ್ಮ ಹಸಿರು ಡಬ್ಬಗಳಿಗೆ ಆ ಜಾತಿಪತ್ರವಿಲ್ಲ. ಎಣ್ಣೆ, ಹುಳಿ, ಬಿಸಿ ಈ ಮೂರೂ ಪ್ಲಾಸ್ಟಿಕ್ಕಿನೊಳಗಿರುವುದನ್ನು ಹೊರಕ್ಕೆಳೆಯತಕ್ಕವು. ಆದುದರಿಂದ ಉಪ್ಪಿನಕಾಯಿ, ಹುಣಸೆಹಣ್ಣು, ತುಪ್ಪ, ಬಿಸಿಸಾರು ಇವುಗಳಿಂದ ಹಳೆಯ ಡಬ್ಬವನ್ನು ಪದಚ್ಯುತಗೊಳಿಸತಕ್ಕದ್ದೇ. ಸೊಸೆಯ ಮಾತು ಅಷ್ಟರಮಟ್ಟಿಗೆ ಸರಿ, ಅವಳ ಗಾಜಿನ ಜಾಡಿಗೆ ಉಪ್ಪಿನಕಾಯಿಯನ್ನು ನಾನೇ ವರ್ಗಾಯಿಸಿದೆನು. ಆದರೆ ಪದಚ್ಯುತಿ ಬೇರೆ, ಮರಣದಂಡನೆ ಬೇರೆ. ಸಿಪ್ಪೆ ಬಿಡಿಸದ ಬೆಳ್ಳುಳ್ಳಿ, ಸೋಪಿನ ಪುಡಿ, ಊದಿನಕಡ್ಡಿ, ಮೊಳೆ, ನೂಲುಂಡೆ, ಕರೆಂಟು ಬಿಲ್ಲು, ಇವಕ್ಕೆಲ್ಲ ಯಾವ ತ್ರಿಕೋನದ ಅಪ್ಪಣೆಯೂ ಬೇಕಾಗಿಲ್ಲ.

ಸರ್ಕಾರದ ಕಾನೂನೂ ಈ ಡಬ್ಬಗಳ ಮೇಲೆ ಕಣ್ಣಿಟ್ಟುದಲ್ಲ. ಕರ್ನಾಟಕದ 2016ರ ಮಾರ್ಚಿ ತಿಂಗಳ ನಿಷೇಧವಾಗಲಿ, 2022ರ ಜುಲೈ 1ರಿಂದ ದೇಶಾದ್ಯಂತ ಜಾರಿಗೆ ಬಂದ ನಿಷೇಧವಾಗಲಿ ಗುರಿಯಿಟ್ಟುದು ಒಮ್ಮೆ ಬಳಸಿ ಎಸೆಯುವ ಚೀಲ, ಲೋಟ, ಚಮಚ, ಹೀರುಗೊಳವೆಗಳ ಮೇಲೆ. ಐವತ್ತು ವರ್ಷ ಬಾಳಿದ ಡಬ್ಬವನ್ನು ‘ಪ್ಲಾಸ್ಟಿಕ್‌ಮುಕ್ತ ಅಡುಗೆಮನೆ’ಯ ಹೆಸರಿನಲ್ಲಿ ಬೀದಿಗೆ ಹಾಕಿದಾಗ, ಅದುವರೆಗೆ ಕಸವಾಗದೆ ಉಳಿದಿದ್ದ ಪದಾರ್ಥವನ್ನು ಆ ದಿನ ಕಸ ಮಾಡಿದವರು ನಾವೇ ಆಗುತ್ತೇವೆ. ಇದೇ ಮನೆಗಳಿಗೆ ರಾತ್ರಿ ತರಿಸಿದ ಊಟದೊಡನೆ ಬರುವ ಕರಿಯ ತಳದ, ಪಾರದರ್ಶಕ ಮುಚ್ಚಳದ ಡಬ್ಬಿಗಳಿವೆಯಲ್ಲ, ಅವನ್ನು ಗಮನಿಸಿರಿ. ಅವನ್ನು ಎಸೆಯಲು ಮನಸ್ಸು ಬಾರದೆ ತೊಳೆದು ಜೋಡಿಸುವ ಕೈ ನಮ್ಮ ಸೊಸೆಯದೂ ಹೌದು. ಅಮ್ಮನ ಗುಣ ಎಲ್ಲಿಯೂ ಹೋಗಿಲ್ಲ. ಅದನ್ನು ಪ್ರಯೋಗಿಸಲು ಯೋಗ್ಯವಾದ ವಸ್ತು ದೊರಕುತ್ತಿಲ್ಲ ಅಷ್ಟೆ. ಆ ಡಬ್ಬಿಯ ಮುಚ್ಚಳ ಮೂರನೆಯ ಸಲಕ್ಕೆ ಸೀಳುತ್ತದೆ.

ಮತ್ತೆ ಮುಚ್ಚಳಕ್ಕೇ ಬಂದೆವು. ನಾನು ಹೇಳಬೇಕೆಂದಿದ್ದುದೂ ಅದೇ. ಹಲಸೂರು ಬಜಾರಿನಲ್ಲಿ ಪ್ರೆಶರ್ ಕುಕ್ಕರ್ ರಿಪೇರಿ ಮಾಡುವವನ ಬಳಿಗೆ ಹೋಗಿ, ಇಂಥ ಅಳತೆಯ ಗ್ಯಾಸ್ಕೆಟ್ಟು, ಇಂಥ ಹಿಡಿ, ಇಂಥ ವಿಶಿಲ್ ಎಂದು ಕೇಳಿದರೆ ಗೋಡೆಯ ಮೊಳೆಯಿಂದ ತೆಗೆದುಕೊಡುತ್ತಾನೆ. ಇಪ್ಪತ್ತೈದು ವರ್ಷದ ಕುಕ್ಕರು ಮತ್ತೆ ಕೂಗುತ್ತದೆ. ಅದೇ ಬೀದಿಯ ಪ್ಲಾಸ್ಟಿಕ್ ಅಂಗಡಿಯಲ್ಲಿ ನಾನು ಒಂದು ಮುಚ್ಚಳವನ್ನು ಕೇಳಿದಾಗ ಅಂಗಡಿಯವನು, “ಮುಚ್ಚಳ ಒಂದೇ ಬರಲ್ಲ ಯಜಮಾನ್ರೇ, ಡಬ್ಬ ತಗೊಳ್ಳಿ, ಮುಚ್ಚಳ ಜೊತೆಗೇ ಬರುತ್ತೆ,” ಎಂದನು. ಮುಚ್ಚಳ ಬೇಕಾದವನು ಡಬ್ಬವನ್ನೇ ಕೊಳ್ಳಬೇಕು. ಕೊಂಡ ಮೇಲೆ ಹಳೆಯ ಡಬ್ಬವು ಗುಜರಿಗೆ, ಅಲ್ಲಿಂದ ಮೈಸೂರು ರಸ್ತೆಯ ನಾಯಂಡಹಳ್ಳಿಯ ಕಡೆಗೆ. ಕೇಂದ್ರ ಸರ್ಕಾರವು 2022ರಲ್ಲಿ ‘ದುರಸ್ತಿಯ ಹಕ್ಕಿ’ಗಾಗಿ ಸಮಿತಿಯೊಂದನ್ನು ರಚಿಸಿತಷ್ಟೆ, ಅದರ ದೃಷ್ಟಿ ಮೊಬೈಲು, ವಾಹನ, ಗೃಹೋಪಯೋಗಿ ಯಂತ್ರ, ಕೃಷಿ ಉಪಕರಣಗಳತ್ತ ಹೋಯಿತು. ಡಬ್ಬದ ಮುಚ್ಚಳದಂಥ ಕ್ಷುದ್ರ ವಿಷಯ ಅಂಥ ಸಮಿತಿಗಳ ಮೇಜಿಗೆ ಏರುವುದಿಲ್ಲ. ಏರಬೇಕೆಂಬುದು ನನ್ನ ಪ್ರಾರ್ಥನೆ. ಡಬ್ಬಗಳ ಬಾಯಿಯ ಅಳತೆಯನ್ನು ನಾಲ್ಕೈದಕ್ಕೆ ಇಳಿಸಿ ಮಾನಕಸಂಸ್ಥೆಯು ಗೊತ್ತುಪಡಿಸಲಿ. ತಯಾರಕರು ಆ ಅಳತೆಯ ಮುಚ್ಚಳಗಳನ್ನು ಬಿಡಿಯಾಗಿ ಮಾರಲಿ. ಬೆಲೆ ಹತ್ತು ರೂಪಾಯಿ ಹೆಚ್ಚಾದರೂ ಕೊಳ್ಳುವವರು ಇದ್ದೇವೆ.

ನಮ್ಮ ಹದಿಮೂರರಲ್ಲಿ ಸ್ವಂತ ಮುಚ್ಚಳವನ್ನು ಇನ್ನೂ ಉಳಿಸಿಕೊಂಡಿರುವ ಒಂದು ನೀಲಿ ಡಬ್ಬದ ತಳದಲ್ಲಿ ಇಂಗ್ಲಿಷಿನ ‘ಎಸ್’ ಅಕ್ಷರವಿದೆ. ಅದು ನಾನು ಸುಟ್ಟ ಅಕ್ಷರವಲ್ಲ. ನಮ್ಮ ಮನೆಯವರಾರ ಹೆಸರೂ ಆ ಅಕ್ಷರದಿಂದ ಆರಂಭವಾಗುವುದಿಲ್ಲ. ಖಾಲಾ ಅವರ ಕುಟುಂಬವು ಒಂದು ಬೇಸಗೆಯಲ್ಲಿ ಅವಸರವಾಗಿ ಮನೆ ಬದಲಿಸಿದಾಗ, ಅದಕ್ಕೆ ಏನು ತುಂಬಿ ಕೊಡುವುದೆಂದು ಅಮ್ಮ ಯೋಚಿಸುತ್ತಿದ್ದಂತೆಯೇ ಗಾಡಿ ಹೊರಟುಹೋಯಿತು. ಆ ವಠಾರವಿದ್ದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡವಿದೆ. ಬಡಗಿಗೆ ನಾನು ಆ ಡಬ್ಬವನ್ನು ಅಳೆಯಲು ಕೊಟ್ಟೆನು. ಮುಚ್ಚಳ ಸೇರಿ ಒಂಬತ್ತು ಅಂಗುಲ ಎತ್ತರ. ಹೊಸ ಅಡುಗೆಮನೆಯ ಕೆಳಗಿನ ಖಾನೆಯನ್ನು ಅವನು ಹತ್ತು ಅಂಗುಲಕ್ಕೆ ಕೊಯ್ದಿದ್ದಾನೆ.