ದತ್ತ, ಸಾಧನೀಯ ಮತ್ತು ಗಣಕಯಂತ್ರ

ಭಾಲ್ಕಿ ತಾಲ್ಲೂಕಿನ ಸಾಯಗಾಂವದಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಗಣಕಯಂತ್ರಕ್ಕೆ ಒಂದು ಪ್ರೋಗ್ರಾಂ ಬರೆದಳು ಎಂದು ಭಾವಿಸೋಣ. ಹತ್ತು ಮಕ್ಕಳ ಅಂಕಗಳನ್ನು ಹೆಚ್ಚಿನಿಂದ ಕಡಿಮೆಗೆ ಜೋಡಿಸುವುದು ಅದರ ಕೆಲಸ. ಐದಾರು ಪಟ್ಟಿ ಕೊಟ್ಟು ನೋಡಿದಳು, ಉತ್ತರ ಸರಿಯಾಗಿ ಬಂತು. ಹಾಗಾದರೆ ಪ್ರೋಗ್ರಾಂ ಸರಿಯಾಗಿದೆಯೇ?

ಹಾಗೆ ಹೇಳಲಾಗದು. ಹತ್ತು ಬೇರೆ ಬೇರೆ ಅಂಕಗಳನ್ನು 36,28,800 ಬಗೆಯಲ್ಲಿ ಸಾಲಾಗಿ ಬರೆಯಬಹುದು. ಮಕ್ಕಳು ನಲವತ್ತಾದರೆ ಈ ಸಂಖ್ಯೆ 48 ಅಂಕಿಗಳಷ್ಟು ಉದ್ದವಾಗುತ್ತದೆ. ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಲು ಯಾವ ಯಂತ್ರಕ್ಕೂ ಆಯುಷ್ಯ ಸಾಲದು.

ಆದರೆ ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬುದನ್ನು ಯಾರೂ ಜಗತ್ತಿನ ತ್ರಿಭುಜಗಳನ್ನೆಲ್ಲ ಕೋನಮಾಪಕ ಹಿಡಿದು ಅಳೆದು ಒಪ್ಪಿದ್ದಲ್ಲ. ದತ್ತ, ಸಾಧನೀಯ, ಸಾಧನೆ ಎಂದು ಶಾಲೆಯಲ್ಲಿ ಬರೆಯುತ್ತಾರಲ್ಲ, ಆ ದಾರಿಯಿಂದ ಒಪ್ಪಿದ್ದು. ಪ್ರೋಗ್ರಾಮನ್ನೂ ಹೀಗೆಯೇ ಸಾಧಿಸಬಹುದು ಎಂದು 1969ರಲ್ಲಿ ತೋರಿಸಿದವರು ಬ್ರಿಟನ್ನಿನ ಟೋನಿ ಹೋರ್. ಪ್ರೋಗ್ರಾಂ ಶುರುವಾಗುವ ಮುನ್ನ ಏನು ನಿಜವಾಗಿರುತ್ತದೋ ಅದು ದತ್ತ. ಮುಗಿದಾಗ ಏನು ನಿಜವಾಗಿರಬೇಕೋ ಅದು ಸಾಧನೀಯ. ನಡುವಿನ ಪ್ರತಿ ಸಾಲೂ ಒಂದರಿಂದ ಇನ್ನೊಂದಕ್ಕೆ ತಪ್ಪದೆ ಕರೆದೊಯ್ಯುತ್ತದೆ ಎಂದು ತೋರಿಸುವುದೇ ಸಾಧನೆ.

ದತ್ತವನ್ನು ಮರೆತರೆ ಏನಾಗುತ್ತದೆ? 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ಮೊದಲ ಹಾರಾಟದಲ್ಲೇ ಸುಮಾರು 40 ಸೆಕೆಂಡುಗಳಲ್ಲಿ ಛಿದ್ರವಾಯಿತು. ಅದರಲ್ಲಿದ್ದ ನಾಲ್ಕು ಉಪಗ್ರಹಗಳೂ ಹೋದವು. ದಿಕ್ಕು ತಿಳಿಸುವ ಉಪಕರಣದ ಪ್ರೋಗ್ರಾಂ ಹಳೆಯ ಏರಿಯಾನ್-4ರಿಂದ ಬಂದದ್ದು. ಅಡ್ಡವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆ 32,767ನ್ನು ಮೀರದು ಎಂದು ಅದು ನಂಬಿತ್ತು. ಹಳೆಯ ರಾಕೆಟ್ಟಿನಲ್ಲಿ ಮೀರುತ್ತಲೂ ಇರಲಿಲ್ಲ. ಹೊಸದು ಬೇರೆ ದಾರಿಯಲ್ಲಿ, ಹೆಚ್ಚು ವೇಗದಲ್ಲಿ ಹೋಯಿತು; ಸಂಖ್ಯೆ ಮೀರಿತು; ಉಪಕರಣ ನಿಂತುಹೋಯಿತು. ಇಲ್ಲಿ ಬದಲಾದದ್ದು ದತ್ತ, ಪ್ರೋಗ್ರಾಂ ಅಲ್ಲ.

ಸಾವಿರಾರು ಸಾಲುಗಳ ಪ್ರೋಗ್ರಾಮಿಗೆ ಕೈಯಿಂದ ಸಾಧನೆ ಬರೆಯುವುದು ಮನುಷ್ಯಮಾತ್ರರಿಗೆ ಬೇಸರದ ಕೆಲಸ. ಆದ್ದರಿಂದ ಅದನ್ನೂ ಗಣಕಕ್ಕೇ ವಹಿಸುವ ಪ್ರಯತ್ನ ನಡೆಯಿತು. ಮೈಕ್ರೋಸಾಫ್ಟ್‌ನಲ್ಲಿ ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ ರೂಪಿಸಿದ ‘ಸ್ಲ್ಯಾಮ್’ ಇದಕ್ಕೆ ಒಳ್ಳೆಯ ನಿದರ್ಶನ. ರಾಜಮಣಿಯವರು ಬಳಿಕ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯಕ್ಕೆ ಬಂದು ಅದರ ಮುಖ್ಯಸ್ಥರೂ ಆದರು. ಪ್ರಿಂಟರ್ ಮೊದಲಾದ ಸಾಧನಗಳನ್ನು ನಡೆಸುವ ಪ್ರೋಗ್ರಾಂಗಳನ್ನು ಸ್ಲ್ಯಾಮ್ ತಪಾಸಣೆ ಮಾಡುತ್ತದೆ. ‘ಹಾಕಿದ ಬೀಗವನ್ನು ತೆಗೆಯದೆ ಮತ್ತೆ ಹಾಕಬಾರದು’ ಎಂಬಂಥ ನಿಯಮಗಳೇ ಅದಕ್ಕೆ ಸಾಧನೀಯ. ಅದು ಪ್ರೋಗ್ರಾಮನ್ನು ಓಡಿಸಿ ನೋಡುವುದಿಲ್ಲ. ಬೀಗ ಹಾಕಿದೆಯೇ, ಇಲ್ಲವೇ ಎಂಬ ಕೆಲವೇ ಪ್ರಶ್ನೆಗಳನ್ನು ಉಳಿಸಿಕೊಂಡು ಪ್ರೋಗ್ರಾಮಿನ ಚಿಕ್ಕ ನಕಲೊಂದನ್ನು ಮಾಡುತ್ತದೆ. ನಕಲಿನಲ್ಲಿ ನಿಯಮ ಮುರಿಯುವ ದಾರಿ ಸಿಕ್ಕರೆ ಮೂಲದಲ್ಲೂ ಆ ದಾರಿ ಇದೆಯೇ ಎಂದು ನೋಡುತ್ತದೆ. ಇಲ್ಲವಾದರೆ ಇನ್ನೊಂದು ಪ್ರಶ್ನೆ ಸೇರಿಸಿ ಮತ್ತೆ ಹುಡುಕುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ದೀಪಕ್ ಡಿಸೋಜಾ ಮತ್ತು ಸಂಗಡಿಗರು ಇಂಥ ತಪಾಸಣೆಯಲ್ಲಿ ಗಣನೀಯ ಕೆಲಸ ಮಾಡಿದ್ದಾರೆ.

ಇದಕ್ಕೊಂದು ಮಿತಿಯೂ ಉಂಟು. ಎಲ್ಲ ಪ್ರೋಗ್ರಾಂಗಳಿಗೂ ತಪ್ಪದೆ ತೀರ್ಪು ಕೊಡುವ ಒಂದೇ ಯಂತ್ರವಿಧಾನ ಇರಲಾರದು ಎಂದು ಅಲನ್ ಟ್ಯೂರಿಂಗ್ 1936ರಲ್ಲಿ ಮಾಡಿದ ಕೆಲಸದಿಂದ ತಿಳಿಯುತ್ತದೆ. ಕೆಲವೊಮ್ಮೆ ತಪಾಸಕವೂ ಕೈಚೆಲ್ಲುತ್ತದೆ.

ದತ್ತ-ಸಾಧನೀಯ ಕೊಟ್ಟರೆ ಯಂತ್ರ ತಪಾಸಣೆ ಮಾಡಬಲ್ಲದಾದರೆ, ಪ್ರೋಗ್ರಾಮನ್ನೇ ಏಕೆ ಬರೆಯಬಾರದು? ವಿದ್ಯುನ್ಮಂಡಲಗಳ ಬಗ್ಗೆ ಅಲೊಂಜೊ ಚರ್ಚ್ 1957ರಲ್ಲೇ ಇಂಥ ಪ್ರಶ್ನೆ ಕೇಳಿದ್ದರು. ಐಐಟಿ ಕಾನ್ಪುರದಲ್ಲಿ ಓದಿದ ಸುಮಿತ್ ಗುಲ್ವಾನಿಯವರ ಕೆಲಸದಿಂದ 2013ರ ಎಕ್ಸೆಲ್‌ಗೆ ‘ಫ್ಲ್ಯಾಶ್ ಫಿಲ್’ ಬಂತು. ‘ಮಠಪತಿ ಸಂಗಮೇಶ’ ಎಂಬುದರ ಪಕ್ಕದಲ್ಲಿ ‘ಸಂಗಮೇಶ ಮಠಪತಿ’ ಎಂಬಂಥ ಒಂದೆರಡು ಮಾದರಿ ಕೊಟ್ಟರೆ, ಹೆಸರು ತಿರುಗಿಸುವ ಪ್ರೋಗ್ರಾಮನ್ನು ಅದು ತಾನೇ ಊಹಿಸಿ ಉಳಿದ ಪಟ್ಟಿಯನ್ನು ತುಂಬುತ್ತದೆ. ಈಗಂತೂ ಆಡುಮಾತಿನಲ್ಲಿ ಕೇಳಿದರೆ ಪ್ರೋಗ್ರಾಂ ಬರೆದುಕೊಡುವ ಕೃತಕ ಬುದ್ಧಿಮತ್ತೆ ಮೊಬೈಲಿನಲ್ಲೇ ಇದೆ. ಆದರೆ ಬರೆದುಕೊಟ್ಟದ್ದಕ್ಕೆ ಸಾಧನೆ ತಾನಾಗಿ ಜೊತೆಗೆ ಬರುವುದಿಲ್ಲ.

ಇನ್ನು ಮಕ್ಕಳನ್ನು ಕಂಪ್ಯೂಟರ್ ಸೈನ್ಸಿಗೆ ಸೇರಿಸಬೇಕೇ ಎಂಬುದು ಬೀದರ, ಭಾಲ್ಕಿಯ ಪಾಲಕರ ಚಿಂತೆಯೂ ಹೌದು. ಪ್ರೋಗ್ರಾಂ ಭಾಷೆಯನ್ನು ಬಾಯಿಪಾಠ ಮಾಡಿದವರ ಬೆಲೆ ಇಳಿಯಲಿದೆ ಎನ್ನಲು ಅಡ್ಡಿಯಿಲ್ಲ. ಸಾಧನೀಯವನ್ನು ಸರಿಯಾಗಿ ಹೇಳುವವರ ಮಾತು ಬೇರೆ. ಅದು ಅಷ್ಟು ಸುಲಭವೂ ಅಲ್ಲ. ‘ಉತ್ತರದಲ್ಲಿ ಅಂಕಗಳು ಇಳಿಕೆಯ ಕ್ರಮದಲ್ಲಿರಬೇಕು’ ಎಂದಷ್ಟೇ ಹೇಳಿ ನೋಡಿ. ಎಲ್ಲರಿಗೂ ಸಮನಾಗಿ ಸೊನ್ನೆ ಕೊಡುವ ಪ್ರೋಗ್ರಾಂ ಕೂಡ ತಪಾಸಣೆಯಲ್ಲಿ ಪಾಸಾಗುತ್ತದೆ! ‘ಕೊಟ್ಟ ಅಂಕಗಳೇ ಇರಬೇಕು, ಒಂದೂ ಹೆಚ್ಚು ಕಡಿಮೆಯಾಗಬಾರದು’ ಎಂದೂ ಸೇರಿಸಬೇಕು. ಇಬ್ಬರಿಗೆ ಒಂದೇ ಅಂಕ ಬಂದಿದ್ದರೆ ಯಾರ ಹೆಸರು ಮೊದಲು? ಅದನ್ನೂ ಹೇಳಬೇಕು.

ಜೋಡಿಸುವ ಪ್ರೋಗ್ರಾಂ ಮಕ್ಕಳಾಟ ಎನ್ನುವವರು 2015ರ ಘಟನೆಯನ್ನು ಕೇಳಬೇಕು. ಜಾವಾ ಭಾಷೆಯ ಗ್ರಂಥಾಲಯದಲ್ಲಿ, ಆಂಡ್ರಾಯ್ಡ್ ಫೋನುಗಳಲ್ಲಿ ವರ್ಷಗಟ್ಟಲೆ ಬಳಕೆಯಲ್ಲಿದ್ದ ‘ಟಿಮ್‌ಸಾರ್ಟ್’ ಎಂಬ ಜೋಡಣೆಯ ಪ್ರೋಗ್ರಾಂ ಸರಿಯೆಂದು ಸಾಧಿಸಲು ನೆದರ್ಲೆಂಡ್ಸ್ ಮತ್ತು ಜರ್ಮನಿಯ ಸಂಶೋಧಕರು ‘ಕೀ’ ಎಂಬ ತಪಾಸಕದೊಂದಿಗೆ ಕುಳಿತರು. ಸಾಧನೆ ಒಂದು ಕಡೆ ಮುಂದೆ ಸಾಗಲೇ ಇಲ್ಲ. ಏಕೆಂದು ಹುಡುಕಿದಾಗ, ಆ ಪ್ರೋಗ್ರಾಮನ್ನು ಕೆಡವಿಬಿಡುವ ಒಂದು ಉದ್ದನೆಯ ಪಟ್ಟಿಯೇ ಅವರ ಕೈಗೆ ಸಿಕ್ಕಿತು.