ಪೂಜೆಗೊಂಡ ಕಾರು, ಮರೆತುಹೋದ ಬ್ರೇಕು

ಲಂಡನ್ನಿನ ಹ್ಯಾರೋ ಗುಡ್ಡದ ಗ್ರೋವ್ ಹಿಲ್ ಇಳಿಜಾರಿನಲ್ಲಿ ಒಂದು ಫಲಕವಿದೆ. 1899ರ ಫೆಬ್ರವರಿ 25ರಂದು ಅಲ್ಲಿ ಇಳಿಯುತ್ತಿದ್ದ ಡೈಮ್ಲರ್ ಬಂಡಿಯ ಹಿಂದಿನ ಚಕ್ರ ಮುರಿದು ಚಾಲಕ ಎಡ್ವಿನ್ ಸೆವೆಲ್ ಮೃತಪಟ್ಟರು. ಬ್ರಿಟನ್ನಿನಲ್ಲಿ ಚಾಲಕನೇ ಬಲಿಯಾದ ಮೊದಲ ಮೋಟಾರು ಅಪಘಾತವೆಂದು ಆ ಫಲಕ ದಾಖಲಿಸುತ್ತದೆ. ಅದಕ್ಕೂ ಮುನ್ನ, 1896ರ ಆಗಸ್ಟ್ 17ರಂದು, ಕ್ರಿಸ್ಟಲ್ ಪ್ಯಾಲೆಸ್ ಬಳಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಪಾದಚಾರಿ ಕಾರಿಗೆ ಸಿಕ್ಕಿ ಅಸುನೀಗಿದ್ದರು. ಬ್ರೇಕು ಕಾರಿನ ಒಡೆಯನ ಖಾಸಗಿ ಸ್ವತ್ತಲ್ಲ, ಅದು ರಸ್ತೆಯಲ್ಲಿರುವ ಎಲ್ಲರಿಗೂ ಸೇರಿದ್ದು ಎಂಬುದನ್ನು ಈ ಎರಡು ಸಾವುಗಳು ಅಂದೇ ಹೇಳಿದ್ದವು.

ಅದೇ ಹ್ಯಾರೋದಲ್ಲಿ, ಹೌನ್ಸ್ಲೋದಲ್ಲಿ, ಈಸ್ಟ್ ಹ್ಯಾಮ್‌ನಲ್ಲಿ ನವರಾತ್ರಿ ಬಂದರೆ ಕನ್ನಡದ ಮನೆಗಳ ಮುಂದೆ ಕಾರುಗಳು ಕುಂಕುಮ ಧರಿಸಿ ನಿಲ್ಲುತ್ತವೆ. ಚಕ್ರಗಳ ಕೆಳಗಿಟ್ಟ ನಿಂಬೆಹಣ್ಣು ಅಪ್ಪಚ್ಚಿಯಾಗುತ್ತದೆ. ಆಯುಧಕ್ಕೆ ಕೃತಜ್ಞತೆ ಸಲ್ಲಿಸುವ ಈ ಆಚರಣೆಯಲ್ಲಿ ತಪ್ಪೇನೂ ಇಲ್ಲ. ಆದರೆ ಬಾನೆಟ್ಟಿನ ಮೇಲೆ ಹೂವಿಟ್ಟ ಕೈ, ಅದರ ಅಡಿಯಲ್ಲಿ ಬ್ರೇಕ್ ದ್ರವ ಕಾಫಿಯಂತೆ ಕಪ್ಪಾಗಿದೆಯೇ ಎಂದು ನೋಡುವುದು ಅಪರೂಪ.

ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು, ಅದರಲ್ಲಿ 3.7 ಪ್ರತಿಶತ ನೀರು ಸೇರಿದರೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಕಾದಾಗ ಹಳೆಯ ದ್ರವ ಕುದಿದು ಆವಿಯಾಗುತ್ತದೆ. ದ್ರವ ಕುಗ್ಗದು, ಆವಿ ಕುಗ್ಗುತ್ತದೆ. ಆಗ ಪೆಡಲು ನೆಲ ಮುಟ್ಟಿದರೂ ಕಾರು ನಿಲ್ಲದು. ಆದ್ದರಿಂದಲೇ ಅನೇಕ ತಯಾರಕರು ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಲು ಸೂಚಿಸುತ್ತಾರೆ.

ಬೆಂಗಳೂರಿನ ಮೆಕ್ಯಾನಿಕ್ಕುಗಳು ‘ಏರ್ ತೆಗೆಯುವುದು’ ಎನ್ನುವ ಈ ಕೆಲಸ ಹಳೆಯ ಕಾರುಗಳಲ್ಲಿ ಮನೆಯಂಗಳದಲ್ಲೇ ಸಾಧ್ಯ. ಒಬ್ಬರು ಪೆಡಲ್ ಒತ್ತಿ ಹಿಡಿಯುತ್ತಾರೆ. ಇನ್ನೊಬ್ಬರು ಚಕ್ರದ ಬಳಿಯ ಚಿಕ್ಕ ನಿಪ್ಪಲ್ ಸಡಿಲಿಸಿ, ಕೊಳವೆಯಲ್ಲಿ ಗುಳ್ಳೆ ಹೊರಬಂದ ಮೇಲೆ ಬಿಗಿಯುತ್ತಾರೆ. ಬಿಗಿದ ಬಳಿಕವೇ ಪೆಡಲ್ ಬಿಡಬೇಕು, ಇಲ್ಲವಾದರೆ ಗಾಳಿ ಮತ್ತೆ ಒಳಸೇರುತ್ತದೆ. ‘ಒತ್ತು, ಹಿಡಿ, ಬಿಡು’ ಎಂಬ ಮೂರು ಮಾತು ಇದಕ್ಕೆ ಸಾಕು. ಆದರೆ ಪೆಡಲ್ ಒತ್ತುವುದು ಹೆಂಡತಿಗೆ, ಸ್ಪ್ಯಾನರ್ ಹಿಡಿಯುವುದು ಗಂಡನಿಗೆ ಎಂಬ ಹಂಚಿಕೆಗೆ ಯಾವ ತಾಂತ್ರಿಕ ಆಧಾರವೂ ಇಲ್ಲ. ಇಬ್ಬರೂ ಎರಡನ್ನೂ ಕಲಿಯಬೇಕು, ಮಗಳೂ ಕಲಿಯಬೇಕು.

ಅನಿವಾಸಿ ಮಧ್ಯಮವರ್ಗ ಇದನ್ನು ಕಲಿಯದಿರಲು ಸಮಯದ ಅಭಾವವೊಂದೇ ಕಾರಣವಲ್ಲ. ಕೈ ಮಸಿಯಾಗುವ ಕೆಲಸ ಬೇರೆಯವರದು ಎಂಬ ಹಳೆಯ ಜಾತಿಬುದ್ಧಿ ವೀಸಾ ಇಲ್ಲದೆಯೂ ಸಮುದ್ರ ದಾಟಿದೆ. ಲ್ಯಾಂಬೆತ್‌ನ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನ ಪ್ರತಿಮೆಯಿದೆ. ಅಲ್ಲಿ ಕಾಯಕದ ಕುರಿತು ಭಾಷಣಗಳಾಗುತ್ತವೆ. ಸಮಗಾರ ಹರಳಯ್ಯ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಈ ಶರಣರ ಹೆಸರಿನೊಳಗೇ ಅವರ ದುಡಿಮೆಯಿದೆ. ಅವರನ್ನು ಸ್ಮರಿಸುವವರು ಸ್ಪ್ಯಾನರ್ ಮುಟ್ಟಲು ಹಿಂಜರಿದರೆ, ಕಾಯಕ ಬರಿಯ ಭಾಷಣದ ವಸ್ತುವಾಗಿ ಉಳಿಯುತ್ತದೆ.

ಹಳೆಯ ಕಾರು ಎಲ್ಲರಿಗೂ ಹವ್ಯಾಸವೂ ಅಲ್ಲ. 2023ರ ಆಗಸ್ಟ್ 29ರಿಂದ ಯುಲೆಜ಼್ ವಲಯ ಲಂಡನ್ನಿನ ಎಲ್ಲ ಬರೋಗಳಿಗೂ ವಿಸ್ತರಿಸಿದೆ; ಹೊಗೆಯ ಮಾನದಂಡ ಮೀರಿದ ಕಾರಿಗೆ ದಿನಕ್ಕೆ 12.50 ಪೌಂಡ್ ಶುಲ್ಕ ಬಿತ್ತು. ನಗರದ ಗಾಳಿಯ ದೃಷ್ಟಿಯಿಂದ ಅದು ನ್ಯಾಯವೇ. 2006ರ ನಂತರದ ಬಹುತೇಕ ಪೆಟ್ರೋಲ್ ಕಾರುಗಳು ಆ ಮಾನದಂಡದೊಳಗೆ ಬರುವುದರಿಂದ, ನಸುಕಿನಲ್ಲಿ ಪಾಳಿಗೆ ಹೊರಡುವ ಆರೈಕೆ ಕೆಲಸಗಾರರಿಗೆ ಅಂಥ ಹಳೆಯ ಕಾರೇ ಆಧಾರ. ಅವರ ಪಾಲಿಗೆ ಒಂದು ಡಬ್ಬಿ ದ್ರವದ ಬೆಲೆಗೂ ಗ್ಯಾರೇಜಿನ ಬಿಲ್ಲಿಗೂ ಇರುವ ಅಂತರ ಸಣ್ಣದಲ್ಲ.

ಅರೆಬೆಂದ ಜ್ಞಾನ ಅಪಾಯವೆಂಬ ಆಕ್ಷೇಪ ಸರಿಯಾದದ್ದೇ. ಅದಕ್ಕೆ ಉತ್ತರ ಅಜ್ಞಾನವಲ್ಲ, ಶಿಸ್ತು. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಕೈಹಾಕಬಾರದು, ಆಕ್ಸಲ್ ಸ್ಟ್ಯಾಂಡ್ ಬೇಕು. ಮುಚ್ಚಳದ ಮೇಲೆ ಬರೆದ ದರ್ಜೆಯ, ಹೊಸದಾಗಿ ಒಡೆದ ಡಬ್ಬಿಯ ದ್ರವವೇ ಆಗಬೇಕು. ಮೇಲಿನ ಪಾತ್ರೆ ಎಂದೂ ಬರಿದಾಗಬಾರದು. ಪೆಡಲು ಗಟ್ಟಿಯಾಗದಿದ್ದರೆ, ಎಲ್ಲಾದರೂ ಸೋರಿದರೆ, ಎಬಿಎಸ್ ಭಾಗಕ್ಕೆ ಗಾಳಿ ಹೊಕ್ಕಿದ್ದರೆ ಕಾರನ್ನು ರಸ್ತೆಗಿಳಿಸದೆ ಬಲ್ಲವರನ್ನು ಕರೆಯಬೇಕು. ಹಳೆಯ ದ್ರವ ಚರಂಡಿಗಲ್ಲ, ಅದನ್ನು ಸ್ವೀಕರಿಸುವ ಕೌನ್ಸಿಲ್ ಮರುಬಳಕೆ ಕೇಂದ್ರಕ್ಕೆ ಹೋಗಬೇಕು. 1960ರಿಂದ ಜಾರಿಯಲ್ಲಿರುವ ಎಂಒಟಿ ಪರೀಕ್ಷೆ ಬ್ರೇಕಿನ ಬಲವನ್ನು ಅಳೆಯುತ್ತದೆ, ದ್ರವದಲ್ಲಿರುವ ನೀರನ್ನಲ್ಲ. ವರ್ಷಕ್ಕೊಮ್ಮೆ ದೊರೆಯುವ ಆ ಪ್ರಮಾಣಪತ್ರ ಒಡೆಯನ ಎಚ್ಚರಕ್ಕೆ ಬದಲಿಯಾಗಲಾರದು.

ಕನ್ನಡ ಸಂಘಗಳು ಮುಂದಿನ ಆಯುಧಪೂಜೆಯ ದಿನ ಒಂದು ಗಂಟೆಯನ್ನು ಇದಕ್ಕೆ ಮೀಸಲಿಡಲಿ. ತಿಳಿದ ಮೆಕ್ಯಾನಿಕ್ ಒಬ್ಬರನ್ನು ಗೌರವಧನ ಕೊಟ್ಟು, ವೇದಿಕೆಗೆ ಕರೆಯುವ ಸಾಹಿತಿಗೆ ಸಲ್ಲುವ ಮರ್ಯಾದೆಯೊಂದಿಗೇ ಕರೆಯಲಿ. ಮಂಗಳಾರತಿಯ ನಂತರ ಒಂದು ಹಳೆಯ ಕಾರಿನ ಚಕ್ರ ಬಿಚ್ಚಲಿ. ಮಕ್ಕಳು ಕೊಳವೆಯಲ್ಲಿ ಗುಳ್ಳೆಗಳು ಹೊರಬರುವುದನ್ನು ನೋಡಲಿ.